ಬೀದಿ ಕಂಬದ ಕರೆಂಟು

ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ಶ್ರೀರಾಂಪುರದಲ್ಲಿ. ಹನ್ನೊಂದು ವರ್ಷದಿಂದ ಇರುವುದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಈ ಎರಡರಲ್ಲಿ ಯಾವ ಹೆಸರು ಹೇಳಿದರೂ ಎದುರಿಗಿದ್ದವರ ಮುಖ ಒಂದೇ ಥರ ಆಗುತ್ತದೆ. ಬಸವನಗುಡಿಯ ನೆಂಟರು ಆಗ "ಓ, ಶ್ರೀರಾಂಪುರಾನಾ" ಅಂತ ರಾಗ ಎಳೆಯುತ್ತಿದ್ದರು. ಈಗ ನ್ಯೂಜೆರ್ಸಿಯ ಯುಗಾದಿ ಊಟದಲ್ಲಿ ಸಿಕ್ಕವರು "ಓ, ಬ್ರಾಂಕ್ಸಾ" ಅನ್ನುತ್ತಾರೆ, ಅದೇ ರಾಗ. ಹೋಳಿಗೆ ಬಡಿಸುತ್ತಿದ್ದ ಆಂಟಿಯೊಬ್ಬರು "ಸೇಫಾಗಿದ್ಯೇನಪ್ಪಾ ಅಲ್ಲಿ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಇನ್ನೊಂದು ಹೋಳಿಗೆ ಹಾಕಿದರು. ಪಾಪ ಅನ್ನಿಸಿರಬೇಕು.

ಮನೆಯಿಂದ ಸ್ವಲ್ಪ ನಡೆದರೆ ಬ್ರಾಂಕ್ಸ್ ರಿವರ್ ಹೌಸಸ್ ಸಿಗುತ್ತದೆ. ಬಡವರಿಗೆ ಅಂತ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳು. ನಮ್ಮ ಸ್ಲಂ ಬೋರ್ಡ್ ಕ್ವಾರ್ಟರ್ಸ್ ಅಂದುಕೊಳ್ಳಿ, ಆದರೆ ಅಂತಸ್ತು ಜಾಸ್ತಿ, ಮೈಯೆಲ್ಲ ಇಟ್ಟಿಗೆ, ನಡುವೆ ಒಂದಿಷ್ಟು ಮರ, ಬೆಂಚು. ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಇವತ್ತು ನಮ್ಮ ಸಿನಿಮಾದ ಹೀರೋ ಎಂಟ್ರಿ ಹಾಡಿನಲ್ಲಿ ಎದೆಗೆ ಗುದ್ದುವ ಆ ಬೇಸ್ ಇದೆಯಲ್ಲ, ಅದರ ಬೇರು ಹುಡುಕಿಕೊಂಡು ಹೊರಟರೆ ಕೊನೆಗೆ ಈ ಕಾಂಪೌಂಡಿನ ಮುಂದೆಯೂ ಬಂದು ನಿಲ್ಲಬೇಕಾಗುತ್ತದೆ. ಇಲ್ಲಿ ಬೆಳೆದ ಲ್ಯಾನ್ಸ್ ಟೇಲರ್ ಅನ್ನುವ ಹುಡುಗನೇ ಮುಂದೆ ಆಫ್ರಿಕಾ ಬಂಬಾಟಾ ಆದದ್ದು. ಹುಟ್ಟಿದ್ದು 1957ರಲ್ಲಿ. ಹಿಪ್‌ಹಾಪ್ ಅನ್ನುವ, ರ್‍ಯಾಪ್, ಡಿಜೆ, ಕುಣಿತ ಎಲ್ಲ ಸೇರಿದ ಈ ಬೀದಿ ಕಲೆಯನ್ನು ಶುರು ಮಾಡಿದವರು ಯಾರು ಅಂತ ಕೇಳಿದರೆ ಇಲ್ಲಿಯವರು ಬೆರಳು ಮಡಚಿ ಮೂರು ಹೆಸರು ಹೇಳುತ್ತಾರೆ. ಕೂಲ್ ಹರ್ಕ್, ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್, ಆಮೇಲೆ ಇವನು. ಮೊದಲ ಇಬ್ಬರ ಹೆಸರು ಬಂದಿದ್ದು ಕೈಚಳಕದಿಂದ. ಇವನು ಬಂದದ್ದು ಗ್ಯಾಂಗಿನಿಂದ.

'ಇವರು' ಅಂತ ಬರೆಯದೆ 'ಇವನು' ಅಂತ ಬರೆದಿದ್ದೇಕೆ ಅಂತ ಮುಂದೆ ಗೊತ್ತಾಗುತ್ತದೆ.

ಗ್ಯಾಂಗಿನ ಹೆಸರು ಬ್ಲ್ಯಾಕ್ ಸ್ಪೇಡ್ಸ್. ಹುಟ್ಟಿದ್ದು ಇಲ್ಲೇ ಹತ್ತಿರದ ಬ್ರಾಂಕ್ಸ್‌ಡೇಲ್ ಹೌಸಸ್ ಅನ್ನುವ ಇನ್ನೊಂದು ಕ್ವಾರ್ಟರ್ಸಿನಲ್ಲಿ, 1968ರಲ್ಲಿ. ಆಗ ಅದರ ಹೆಸರು ಸ್ಯಾವೇಜ್ ಸೆವೆನ್. ಒಂದು ವಿಷಯ ಹೇಳಲೇಬೇಕು. ಅದೇ ಬ್ರಾಂಕ್ಸ್‌ಡೇಲ್‌ನಲ್ಲಿ ಬೆಳೆದ ಒಬ್ಬ ಹುಡುಗಿ ಸೋನಿಯಾ ಸೊಟೊಮೇಯರ್, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದರು. 2010ರಲ್ಲಿ ಆ ಕ್ವಾರ್ಟರ್ಸಿಗೆ ಅವರ ಹೆಸರನ್ನೇ ಇಟ್ಟರು. ಒಂದೇ ಕಾಂಪೌಂಡಿನಿಂದ ಗ್ಯಾಂಗೂ ಬಂತು, ಜಡ್ಜೂ ಬಂದರು. ನಮ್ಮ ಏರಿಯಾ ಬಗ್ಗೆ ಬರೆಯುವವರು ಮಾತ್ರ ಯಾವಾಗಲೂ ಮೊದಲನೆಯದನ್ನೇ ಬರೆಯುತ್ತಾರೆ. ನಮ್ಮಲ್ಲೂ ಕವಿ ಸಿದ್ಧಲಿಂಗಯ್ಯ ಇದ್ದರು ಮಾರಾಯ್ರೇ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗ್ಯಾಂಗು ಯಾಕೆ ಹುಟ್ಟಿತು ಅನ್ನುವುದಕ್ಕೆ ಇಲ್ಲಿನ ಹಳಬರು ಕೈ ಮಾಡಿ ತೋರಿಸುವುದು ಒಂದು ರಸ್ತೆಯನ್ನು. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ. ರಾಬರ್ಟ್ ಮೋಸಸ್ ಅನ್ನುವ ಭಾರಿ ಅಧಿಕಾರಿ 1948ರಲ್ಲಿ ಕೆಲಸ ಶುರು ಮಾಡಿಸಿ ಊರಿನ ಹೊಟ್ಟೆ ಸೀಳಿ ಹಾಕಿಸಿದ ರಸ್ತೆ. ಸಾವಿರಾರು ಸಂಸಾರ ಎತ್ತಂಗಡಿ ಆದವು. ಕಾಸಿದ್ದವರು ಬೇರೆ ಕಡೆ ಹೋದರು, ಇಲ್ಲದವರು ಉಳಿದರು. ಬಾಡಿಗೆ ಹುಟ್ಟದ ಕಟ್ಟಡಗಳಿಗೆ ಎಷ್ಟೋ ಕಡೆ ಮಾಲೀಕರೇ ಇನ್ಶೂರೆನ್ಸ್ ಆಸೆಗೆ ಬೆಂಕಿ ಹಾಕಿಸಿದರು. ಅದೇ ಹೊತ್ತಿಗೆ ನಗರಸಭೆ ದುಡ್ಡಿಲ್ಲ ಅಂತ ಫೈರ್ ಸ್ಟೇಷನ್ನುಗಳನ್ನು ಮುಚ್ಚಿತು. 1970ರಿಂದ 1980ರೊಳಗೆ ಬ್ರಾಂಕ್ಸ್‌ನ 44 ಗಣತಿ ವಲಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಡಗಳು ಸುಟ್ಟೋ ಪಾಳು ಬಿದ್ದೋ ಹೋದವು. ಅಪ್ಪನಿಗೆ ಕೆಲಸ ಇಲ್ಲ, ಪಕ್ಕದ ಬಿಲ್ಡಿಂಗು ನಿನ್ನೆ ರಾತ್ರಿ ಸುಟ್ಟಿದೆ, ಸ್ಕೂಲಿನ ದಾರಿಯಲ್ಲಿ ಬೇರೆಯವರ ಏರಿಯಾ ದಾಟಬೇಕು. ಹದಿಮೂರರ ಹುಡುಗ ಒಂಟಿಯಾಗಿ ದಾಟುತ್ತಾನಾ?

1971ರ ಡಿಸೆಂಬರಿನಲ್ಲಿ ಒಂದು ಘಟನೆ ನಡೆಯಿತು. ಘೆಟ್ಟೋ ಬ್ರದರ್ಸ್ ಅನ್ನುವ ಗ್ಯಾಂಗಿನಲ್ಲಿ ರಾಜಿ ಮಾಡಿಸುವುದಕ್ಕೇ ಅಂತ ಒಬ್ಬ ಇದ್ದ. ಅವನ ಹೆಸರು ಕಾರ್ನೆಲ್ ಬೆಂಜಮಿನ್, ಎಲ್ಲರೂ ಕರೆಯುತ್ತಿದ್ದುದು ಬ್ಲ್ಯಾಕ್ ಬೆಂಜಿ. ಹೊಡೆದಾಟ ಬಿಡಿಸಲು ಹೋದವನನ್ನು ಡಿಸೆಂಬರ್ 2ರಂದು ಹೊಡೆದು ಕೊಂದರು. ಇಡೀ ಸೌತ್ ಬ್ರಾಂಕ್ಸ್ ಹೊತ್ತಿಕೊಳ್ಳುತ್ತದೆ ಅಂತಲೇ ಎಲ್ಲರೂ ಕಾದರು. ಆದರೆ ಅವನ ಗ್ಯಾಂಗಿನವರು ಸೇಡು ಬೇಡ ಅಂದರು. ಆರು ದಿನ ಬಿಟ್ಟು ಹೋ ಅವೆನ್ಯೂ ಬೀದಿಯ ಬಾಯ್ಸ್ ಕ್ಲಬ್ಬಿನಲ್ಲಿ ಗ್ಯಾಂಗುಗಳನ್ನೆಲ್ಲ ಕೂರಿಸಿ ಪಂಚಾಯಿತಿ ಮಾಡಿದರು. ಒಪ್ಪಂದ ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ ಬಿಡಿ. ಆದರೆ ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಕಾಲಿಡಬಹುದು ಅನ್ನುವಷ್ಟು ಸಡಿಲ ಆಯಿತು. ಪಾರ್ಟಿಗಳಿಗೆ ಬೇರೆ ಏರಿಯಾದವರು ಬರತೊಡಗಿದರು. ಘೆಟ್ಟೋ ಬ್ರದರ್ಸ್‌ದಂತೂ ಸ್ವಂತ ಬ್ಯಾಂಡೇ ಇತ್ತು.

ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ನಮ್ಮ ಕಡೆ ಇಂಥ ಹುಡುಗರನ್ನು ಕೂರಿಸಿ ಮಾತಾಡಿಸುವ ಜಾಗ ಯಾವುದು ಅಂತ. ಪೊಲೀಸ್ ಸ್ಟೇಷನ್ ಬಿಟ್ಟರೆ ಇನ್ನೊಂದಿಲ್ಲ. ನಮ್ಮ ಪದ್ಧತಿ ರೌಡಿ ಶೀಟ್. ಒಂದು ಸಲ ಹೆಸರು ಹತ್ತಿದರೆ ಮುಗಿಯಿತು, ಮದುವೆ ಆಗಿ ಮಗುವಾಗಿ ಆಟೋ ಓಡಿಸಿಕೊಂಡಿದ್ದರೂ ಚುನಾವಣೆ ಬಂತು ಅಂದರೆ ಪೆರೇಡಿಗೆ ಕರೆ ಬರುತ್ತದೆ. ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಉದ್ದ ಕೂದಲು ಬಿಟ್ಟವನಿಗೆ ಬೈಯುತ್ತಾರೆ, ಟಿವಿಯವರು ಬರುತ್ತಾರೆ, ಸಾಯಂಕಾಲಕ್ಕೆ ಮನೆಗೆ. ಇನ್ನೊಂದು ಪದ್ಧತಿ ಸಿನಿಮಾ. ಅದೇ ಹುಡುಗನ ಕೈಗೆ ಲಾಂಗ್ ಕೊಟ್ಟು, ಸ್ಲೋ ಮೋಷನ್ನಿನಲ್ಲಿ ನಡೆಸಿ, ಕೊನೆಯಲ್ಲಿ ತಾಯಿಯ ತೊಡೆ ಮೇಲೆ ಸಾಯಿಸುತ್ತಾರೆ. ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಇರಬೇಕು ಇಲ್ಲಾ ಪೋಸ್ಟರಿನಲ್ಲಿ ಇರಬೇಕು, ನಡುವೆ ಅವನಿಗೊಂದು ಕೆಲಸ ಇಲ್ಲ.

ಬಂಬಾಟಾ ಮಾಡಿದ್ದು ಈ ನಡುವಿನ ಕೆಲಸ. ಅವನು ಬ್ಲ್ಯಾಕ್ ಸ್ಪೇಡ್ಸ್‌ನಲ್ಲಿ ವಾರ್‌ಲಾರ್ಡ್ ಆಗಿದ್ದ. ಹೆಸರು ಕೇಳಿದರೆ ಕತ್ತಿ ಹಿಡಿದವನು ಅನ್ನಿಸುತ್ತದೆ, ಆದರೆ ಅವನ ಕೆಲಸದಲ್ಲಿ ದೊಡ್ಡ ಪಾಲು ಜನ ಸೇರಿಸುವುದು, ಏರಿಯಾ ದಾಟಿ ನೆಂಟಸ್ತಿಕೆ ಬೆಳೆಸುವುದು. ಬೇರೆ ಗ್ಯಾಂಗಿನವರ ಜೊತೆಗೂ ಹರಟೆ ಹೊಡೆಯಬಲ್ಲವನು ಅಂತ ಹೆಸರಿತ್ತು. ಚಿಕ್ಕವನಿದ್ದಾಗ ಟಿವಿಯಲ್ಲಿ ಝೂಲು ಅನ್ನುವ 1964ರ ಇಂಗ್ಲಿಷ್ ಸಿನಿಮಾ ನೋಡಿದ್ದನಂತೆ. ಕಪ್ಪು ಜನ ಭಯ ಇಲ್ಲದೆ ಬಿಳಿಯರ ಎದುರು ನಿಂತಿದ್ದನ್ನು ಅಲ್ಲೇ ಮೊದಲು ನೋಡಿದ್ದು ಅಂತ ಅವನೇ ಹೇಳಿಕೊಂಡಿದ್ದಾನೆ. ಹಾಗಾಗಿ ಗ್ಯಾಂಗಿಗೆ ಬದಲಾಗಿ ಕಟ್ಟಿದ ಸಂಘಕ್ಕೆ ಝೂಲು ನೇಷನ್ ಅಂತ ಹೆಸರಿಟ್ಟ. ಸಂಘದವರು ಹುಟ್ಟುಹಬ್ಬ ಆಚರಿಸುವುದು 1973ರ ನವೆಂಬರ್ 12ರ ಲೆಕ್ಕದಲ್ಲಿ.

ತನ್ನ ಹೆಸರನ್ನು ಅವನು ತೆಗೆದುಕೊಂಡಿದ್ದು ಬಂಬಾಥಾ ಅನ್ನುವ ಝೂಲು ನಾಯಕನಿಂದ. ಆ ಬಂಬಾಥಾ 1906ರಲ್ಲಿ ನೇಟಾಲ್‌ನಲ್ಲಿ ತಲೆಗಂದಾಯದ ವಿರುದ್ಧ ಬ್ರಿಟಿಷರ ಮೇಲೆ ದಂಗೆ ಎದ್ದವನು. ಈ ದಂಗೆಗೂ ನಮಗೂ ಒಂದು ಕೊಂಡಿ ಇದೆ. ಆಗ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ಇಪ್ಪತ್ತು ಜನರ ಚಿಕ್ಕ ತಂಡ ಕಟ್ಟಿಕೊಂಡು ಸ್ಟ್ರೆಚರ್ ಹೊರಲು ಹೋಗಿದ್ದರು, ಬ್ರಿಟಿಷರ ಕಡೆಯಿಂದ. ಅಲ್ಲಿ ಅವರ ಕೈಗೆ ಬಂದದ್ದು ಹೆಚ್ಚಾಗಿ ಬಾಸುಂಡೆ ಎದ್ದ ಝೂಲುಗಳ ಬೆನ್ನುಗಳು. ಬಿಳಿಯರು ಯಾರೂ ಅದನ್ನು ಮುಟ್ಟಲು ತಯಾರಿರಲಿಲ್ಲ. ಗಾಂಧಿ ಸತ್ಯಾಗ್ರಹ ಶುರು ಮಾಡಿದ ವರ್ಷವೂ ಅದೇ. ಒಂದೇ ದಂಗೆಯಿಂದ ಒಂದು ಕಡೆ ಸತ್ಯಾಗ್ರಹಿ, ಇನ್ನೊಂದು ಕಡೆ ಅರವತ್ತು ಎಪ್ಪತ್ತು ವರ್ಷ ಬಿಟ್ಟು ಬ್ರಾಂಕ್ಸ್‌ನ ಡಿಜೆ. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಕನ್ನಡ ಕೂಟದಲ್ಲಿ ಯಾರೂ ನಂಬುವುದಿಲ್ಲ.

ಗ್ಯಾಂಗಿನ ಚೌಕಟ್ಟನ್ನು ಅವನು ಒಡೆಯಲಿಲ್ಲ, ಅದೇ ನನಗೆ ಇಷ್ಟವಾದದ್ದು. ಬಣ್ಣದ ಜಾಕೆಟ್ ಇತ್ತು, ಇರಲಿ. ದೊಡ್ಡವನು, ಚಿಕ್ಕವನು ಅಂತ ಇತ್ತು, ಅದೂ ಇರಲಿ. ನಮ್ಮ ಏರಿಯಾ ಅನ್ನುವ ಜಂಬ ಇತ್ತು, ಇದ್ದೇ ಇರಲಿ. ಜಗಳ ಮಾತ್ರ ಬೇರೆ ಥರ ಆಡಿ ಅಂದ. ನೀನು ನೆಲದ ಮೇಲೆ ತಲೆ ಊರಿ ತಿರುಗು, ಅವನು ತಿರುಗಲಿ, ಯಾರು ಗೆದ್ದರು ಅಂತ ಜನ ಹೇಳಲಿ. ನೀನು ಮೈಕ್ ಹಿಡಿದು ಅವನ ಮಾನ ಕಳೆ, ಅವನು ನಿನ್ನದು ಕಳೆಯಲಿ. ಬುದ್ಧಿಮಾತಿಗೆ ಯಾವ ಹುಡುಗನೂ ಬರುವುದಿಲ್ಲ, ಪೈಪೋಟಿಗೆ ಬರುತ್ತಾನೆ. ಇದು ನಮಗೇನು ಹೊಸದಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ನೋಡಿದ್ದೀರಾ? ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅಂತ. ಡಪ್ಪು, ತುಂತುಣಿ ಹಿಡಿದು, ಬೆಳಗಾಗುವವರೆಗೆ ಸವಾಲು, ಜವಾಬು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತಲ್ಲೇ ಒಬ್ಬರನ್ನೊಬ್ಬರು ಮಾತಿನಲ್ಲಿ ಕಟ್ಟಿಹಾಕುವುದು ಇನ್ನೇನು? ಇಷ್ಟೆಲ್ಲ ಇಟ್ಟುಕೊಂಡೂ ನಮ್ಮ ಸಿಟಿಯ ಹುಡುಗನಿಗೆ ಅದು ಸಿಕ್ಕಲಿಲ್ಲ. ಅವನು ಹುಟ್ಟಿದ ಬೀದಿಯಲ್ಲಿ ಅದು ಇರಲಿಲ್ಲ, ಮೇಳದವರು ಸಿಟಿಗೆ ಬಂದರೆ ಸರ್ಕಾರಿ ಸಭಾಂಗಣದಲ್ಲಿ ಹತ್ತು ನಿಮಿಷ ಕೊಟ್ಟು ಶಾಲು ಹೊದಿಸಿ ಕಳಿಸುತ್ತಾರೆ.

ಸಂಗೀತದ ವಿಷಯಕ್ಕೆ ಬರೋಣ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಎಲ್ಲರೂ ಹೇಳುವುದು 1973ರ ಆಗಸ್ಟ್ 11. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರ್ ಬಿಲ್ಡಿಂಗಿನಲ್ಲಿ ಕೂಲ್ ಹರ್ಕ್‌ನ ತಂಗಿ ಸಿಂಡಿ ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕು ಅಂತ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಜಮೈಕಾದಿಂದ ಬಂದ ಹರ್ಕ್ ಕಂಡುಕೊಂಡಿದ್ದೇನೆಂದರೆ, ಹಾಡಿನಲ್ಲಿ ಬರೀ ಡ್ರಮ್ಮು ಬಾರಿಸುವ ಆ ಕೆಲವೇ ಸೆಕೆಂಡು ಬಂದಾಗ ಜನ ಹುಚ್ಚೆದ್ದು ಕುಣಿಯುತ್ತಾರೆ ಅಂತ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಮತ್ತೆ ಮತ್ತೆ ಹಾಕಿದ. ಯಾವ ರೆಕಾರ್ಡು ಅಂತ ಬೇರೆ ಡಿಜೆಗಳಿಗೆ ಗೊತ್ತಾಗಬಾರದು ಅಂತ ಲೇಬಲ್ಲನ್ನು ನೀರಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ನಮ್ಮ ಬಿರಿಯಾನಿ ಭಟ್ಟರು ಮಸಾಲೆ ಡಬ್ಬಿ ಬಚ್ಚಿಡುವ ಹಾಗೆ.

ಬಂಬಾಟಾನ ಬಲ ಇದ್ದದ್ದು ಬೇರೆ ಕಡೆ. ಅವನ ಹತ್ತಿರ ರೆಕಾರ್ಡು ಜಾಸ್ತಿ ಇದ್ದವು, ನಾಚಿಕೆ ಕಡಿಮೆ ಇತ್ತು. ಸೋಲ್, ಫಂಕ್ ಎಲ್ಲರೂ ಹಾಕುತ್ತಿದ್ದರು. ಇವನು ಬಿಳಿ ಹುಡುಗರ ರಾಕ್ ಹಾಕಿದ, ಕಾರ್ಟೂನಿನ ಟ್ಯೂನ್ ಹಾಕಿದ, ಜರ್ಮನಿಯ ಕ್ರಾಫ್ಟ್‌ವರ್ಕ್ ಅನ್ನುವವರ ಮೆಷಿನ್ ಸಂಗೀತ ಹಾಕಿದ. ಮಂಕೀಸ್ ಅನ್ನುವ ಬಿಳಿ ಹುಡುಗರ ಪಾಪ್ ತಂಡದ ಹಾಡಿನ ಡ್ರಮ್ಮಿಗೆ ಕುಣಿದವರಿಗೆ ಆಮೇಲೆ "ನೀವು ಕುಣಿದದ್ದು ಮಂಕೀಸ್‌ಗೆ" ಅಂತ ಹೇಳಿ ನಗುತ್ತಿದ್ದನಂತೆ. ಅವನಿಗೆ ಬಿದ್ದ ಬಿರುದು ಮಾಸ್ಟರ್ ಆಫ್ ರೆಕಾರ್ಡ್ಸ್.

ಇದಕ್ಕೆಲ್ಲ ಜಾಗ ಬೇಕಲ್ಲ? ಬ್ರಾಂಕ್ಸ್ ರಿವರ್ ಹೌಸಸ್‌ನಲ್ಲಿ ಒಂದು ಕಮ್ಯುನಿಟಿ ಸೆಂಟರ್ ಇತ್ತು, ನಮ್ಮ ಸಮುದಾಯ ಭವನದ ಥರ. ಅಲ್ಲೇ ಅವನ ಪಾರ್ಟಿಗಳು. ಸೆಂಟರ್ ಇಲ್ಲದ ಕಡೆ ಪಾರ್ಕು, ಸ್ಕೂಲಿನ ಅಂಗಳ. ಕರೆಂಟು? ಬೀದಿ ದೀಪದ ಕಂಬದ ಬುಡದಲ್ಲಿ ಒಂದು ತಗಡಿನ ಮುಚ್ಚಳ ಇರುತ್ತದಲ್ಲ, ಅದನ್ನು ಬಿಚ್ಚಿ ವೈರ್ ಎಳೆಯುತ್ತಿದ್ದರು.

ಇದನ್ನು ಮೊದಲ ಸಲ ಕೇಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಕೆಲಸದ ಕಡೆ ನನ್ನ ಜೊತೆಗಿರುವ ಒಬ್ಬ ಹಿರಿಯರು, ಇಲ್ಲೇ ಹುಟ್ಟಿದವರು, ರಿಟೈರ್ ಆಗಲು ಎರಡು ವರ್ಷ ಇದೆ, ಅವರು ಗಂಭೀರವಾಗಿ ಹೇಳುತ್ತಿದ್ದರು. ಯಾಕಪ್ಪಾ ನಗುತ್ತೀಯ ಅಂದರು. ಶ್ರೀರಾಂಪುರದಲ್ಲಿ ಅಣ್ಣಮ್ಮನನ್ನು ಕೂರಿಸುವಾಗ ನಾವು ಮಾಡುತ್ತಿದ್ದುದೂ ಅದೇ ಅಂತ ಹೇಳಿದೆ. ಬೆಂಗಳೂರಿನವರಿಗೆ ಗೊತ್ತು. ಅಣ್ಣಮ್ಮ ದೇವಿಯನ್ನು ಬೀದಿಗೆ ಕರೆತಂದು ಪೆಂಡಾಲ್ ಹಾಕಿ, ನವೆಂಬರಾದರೆ ರಾಜ್ಯೋತ್ಸವವನ್ನೂ ಅದಕ್ಕೇ ಸೇರಿಸಿ, ಕೊನೆಯ ರಾತ್ರಿ ಆರ್ಕೆಸ್ಟ್ರಾ. ಅದಕ್ಕೆ ಒಂದು ತಿಂಗಳು ಮುಂಚಿನಿಂದ ಹುಡುಗರು ರಸೀತಿ ಪುಸ್ತಕ ಹಿಡಿದು ಚಂದಾ ಎತ್ತುತ್ತಾರೆ. ಸೀರಿಯಲ್ ಸೆಟ್ಟು, ಆಳೆತ್ತರದ ಸ್ಪೀಕರ್ ಬಾಕ್ಸು, ಇದಕ್ಕೆಲ್ಲ ಕರೆಂಟು ಎಲ್ಲಿಂದ? ಉದ್ದ ಬೊಂಬಿನ ತುದಿಗೆ ವೈರ್ ಸುತ್ತಿ, ಕಂಬದ ಲೈನಿಗೆ ಕೊಕ್ಕೆ. ನಮ್ಮ ಬೀದಿಯಲ್ಲಿ ಆ ಕೊಕ್ಕೆ ಹಾಕುವ ಕೆಲಸ ಒಬ್ಬನಿಗೇ ಮೀಸಲು. ಹವಾಯಿ ಚಪ್ಪಲಿ ಹಾಕಿಕೊಂಡು, ಉಸಿರು ಬಿಗಿಹಿಡಿದು ಹಾಕುತ್ತಿದ್ದ, ಕಿಡಿ ಹಾರಿ ದೀಪ ಹತ್ತಿದಾಗ ಇಡೀ ಬೀದಿ ಶಿಳ್ಳೆ ಹೊಡೆಯುತ್ತಿತ್ತು. (ಯಾರೂ ಇದನ್ನು ಮಾಡಲು ಹೋಗಬೇಡಿ. ಪ್ರಾಣ ಹೋಗುತ್ತದೆ.)

ಕಳೆದ ಬೇಸಗೆಯಲ್ಲಿ ಆ ಹಿರಿಯರು ನನ್ನನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋದರು. ಅವರ ಕಾಲದ ಡಿಜೆ ಒಬ್ಬರು ಬಾರಿಸುತ್ತಿದ್ದರು, ವಯಸ್ಸು ಅರವತ್ತು ದಾಟಿದೆ. ಅವರಿಗಿಂತ ಜಾಸ್ತಿ ನಾನು ನೋಡಿದ್ದು ಅವರ ಹಿಂದೆ ನಿಂತ ಹುಡುಗನನ್ನು. ಹನ್ನೆರಡು ವರ್ಷ ಇರಬಹುದು. ಹಾಲಿನ ಪ್ಯಾಕೆಟ್ ತರುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ರೆಕಾರ್ಡು ತುಂಬಿಸಿಟ್ಟಿದ್ದರು, ಪ್ರತಿ ರೆಕಾರ್ಡಿನ ಮೇಲೆ ಎಲ್ಲಿಂದ ಹಾಕಬೇಕು ಅಂತ ಕ್ರೇಯಾನ್ ಗುರುತು. ಡಿಜೆ ತಿರುಗಿ ನೋಡದೆ ಕೈ ಹಿಂದೆ ಚಾಚುತ್ತಿದ್ದರು, ಹುಡುಗ ಸರಿಯಾದ ರೆಕಾರ್ಡು ತೆಗೆದು ಕೈಗೆ ಇಡುತ್ತಿದ್ದ, ಹಾಕಿ ಮುಗಿದದ್ದನ್ನು ಅಂಗಿಯ ಚುಂಗಿನಲ್ಲಿ ಒರೆಸಿ ಕವರಿಗೆ ಸೇರಿಸುತ್ತಿದ್ದ. ಒಂದೂವರೆ ಗಂಟೆ. ಒಂದು ಸಲವೂ ತಪ್ಪಲಿಲ್ಲ. ಆ ಹುಡುಗನಿಗೆ ಯಾರೂ ಸಂಗೀತ ಪಾಠ ಮಾಡುತ್ತಿರಲಿಲ್ಲ, ಆದರೆ ಅವನು ಕಲಿಯುತ್ತಿದ್ದ. ಹಳೆಯ ಕಾಲದಲ್ಲೂ ಹೀಗೇ. ಕ್ರೇಟ್ ಹೊರಲು ನಾಲ್ಕು ಜನ, ಸ್ಪೀಕರ್ ಕಾಯಲು ನಾಲ್ಕು ಜನ, ಕೈಬರಹದ ಪಾಂಪ್ಲೆಟ್ ಹಂಚಲು ಹತ್ತು ಜನ. ಗ್ಯಾಂಗಿನಲ್ಲಿ ಇದ್ದವರಿಗೆಲ್ಲ ಒಂದೊಂದು ಕೆಲಸ ಸಿಕ್ಕಿತು.

ನಮ್ಮ ಅಣ್ಣಮ್ಮನ ಹುಡುಗರೂ ಮೂರು ದಿನ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತಾರೆ. ಲೆಕ್ಕ ಬರೆಯುತ್ತಾರೆ, ಸೌಂಡ್ ಸಿಸ್ಟಮ್ ಮಾತಾಡುತ್ತಾರೆ, ಸಾವಿರ ಜನರಿಗೆ ಅನ್ನಸಂತರ್ಪಣೆ ಮಾಡಿ ಎಲೆ ಎತ್ತುತ್ತಾರೆ. ನಾಲ್ಕನೇ ದಿನ ಪೆಂಡಾಲ್ ಬಿಚ್ಚಿದ ಮೇಲೆ? ಮತ್ತೆ ಟೀ ಅಂಗಡಿ ಮುಂದೆ. ಫ್ಲೆಕ್ಸಿನಲ್ಲಿ ದೊಡ್ಡ ಫೋಟೋ ಹಾಕಿಸಿಕೊಂಡ ಅಣ್ಣನಿಗೆ ಈ ಹುಡುಗರು ಮುಂದಿನ ಚುನಾವಣೆಗೆ ಬೇಕು, ಅಲ್ಲಿಯವರೆಗೆ ಬೇಡ. ಆರ್ಕೆಸ್ಟ್ರಾದಲ್ಲಿ ಹಾಡುವವರು ಹೊರಗಿನಿಂದ ಬಂದವರು, ನಮ್ಮ ಹುಡುಗ ಸ್ಪೀಕರ್ ಹೊತ್ತಿದ್ದಷ್ಟೇ, ಮೈಕ್ ಅವನ ಕೈಗೆ ಬರಲೇ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಇನ್ನೊಂದು ಇದೆ, ಅದು ಇನ್ನೂ ಕಹಿ. ಆ ಕೊಕ್ಕೆ ಹಾಕುತ್ತಿದ್ದವನು ನನ್ನ ಗೆಳೆಯ. ಅವನು ತಮಟೆ ಬಾರಿಸಿದರೆ ಕಾಲು ನಿಲ್ಲುತ್ತಿರಲಿಲ್ಲ. ಬೆಂಕಿಗೆ ತಮಟೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಇನ್ನೊಂದು ಚೂರು ಕಾಯಿಸಿ, ಆಮೇಲೆ ಶುರು. ಅಣ್ಣಮ್ಮನ ಮೆರವಣಿಗೆಯಲ್ಲಿ ಅವನೇ ರಾಜ. ಸಾವಿನ ಮನೆಗೂ ಅವನನ್ನೇ ಕರೆಯುತ್ತಿದ್ದರು. ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಕೆಲಸ ಸಿಕ್ಕ ದಿನ ತಮಟೆ ಮೊಳೆಗೆ ನೇತು ಹಾಕಿದವನು ಮತ್ತೆ ಮುಟ್ಟಲಿಲ್ಲ. "ಬಾರಿಸಿದ್ರೆ ಯಾವ ಜಾತಿ ಅಂತ ಕೇಳೋ ಅವಶ್ಯಕತೆನೇ ಇರಲ್ವಲ್ಲೋ" ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ. ಬ್ರಾಂಕ್ಸ್‌ನಲ್ಲಿ ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ ಯಾವ ಜಾತಿಯದೂ ಆಗಿರಲಿಲ್ಲ. ಕರಿಯರು, ಪೋರ್ಟೊರಿಕೋದವರು, ಜಮೈಕಾದವರು, ಯಾರು ಮುಟ್ಟಿದರೂ ಅದು ಬರೀ ಮೆಷಿನ್. ನಮ್ಮಲ್ಲಿ ವಾದ್ಯಕ್ಕೂ ಮನೆತನ ಇದೆ. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಆ ಸುದ್ದಿಯನ್ನು ಗೆಳೆಯನಿಗೆ ಕಳಿಸಿದೆ. ಒಂದು ಹೆಬ್ಬೆರಳು ವಾಪಸ್ ಬಂತು, ಅಷ್ಟೇ.

ಹಾಗಂತ ನಮ್ಮಲ್ಲಿ ಆಗಲೇ ಇಲ್ಲ ಅನ್ನುವುದು ತಪ್ಪು. ಬ್ರಾಂಕ್ಸ್‌ನಲ್ಲಿ ಝೂಲು ನೇಷನ್ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ, ಇದೇ ಶ್ರೀರಾಂಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯ ಪದ್ಯ ಬರೆಯುತ್ತಿದ್ದರು. ಮೊದಲ ಸಂಕಲನ ಬಂದದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಪದ್ಯಗಳು ಹಾಡಾದವು, ತಮಟೆ ಜೊತೆ. ಬೈಗುಳ, ಸಿಟ್ಟು, ಬೀದಿ ಮಾತು, ಬಡಿತ, ಎಲ್ಲ ಇತ್ತು. ಅದನ್ನು ರ್‍ಯಾಪ್ ಅಂತ ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಅಲ್ಲಿನ ಹುಡುಗರು ಹಾಡಿದ್ದು ರಾತ್ರಿ ಪಾರ್ಟಿಗೆ, ನಮ್ಮವರು ಹಾಡಿದ್ದು ಹೋರಾಟಕ್ಕೆ. ಪಾರ್ಟಿ ಪ್ರತಿ ಶನಿವಾರ ಬರುತ್ತದೆ. ಹೋರಾಟ ಹಾಗೆ ಬರುವುದಿಲ್ಲ.

1982ರಲ್ಲಿ ಬಂಬಾಟಾನ ತಂಡದ ಪ್ಲಾನೆಟ್ ರಾಕ್ ಅನ್ನುವ ಹಾಡು ಹೊರಬಂತು. ಕ್ರಾಫ್ಟ್‌ವರ್ಕ್‌ನ ರಾಗ, ಅದರ ಕೆಳಗೆ ರೋಲ್ಯಾಂಡ್ ಕಂಪನಿಯ ಟಿಆರ್-808 ಅನ್ನುವ ಡ್ರಮ್ ಮೆಷಿನ್. ಮೆಷಿನ್ ಅವರದ್ದಲ್ಲ, ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದವನೊಬ್ಬನನ್ನು ಹುಡುಕಿ ಬಾಡಿಗೆಗೆ ಕರೆಸಿಕೊಂಡಿದ್ದರು. ನಿರ್ಮಾಪಕ ಆರ್ಥರ್ ಬೇಕರ್, ಕೀಬೋರ್ಡಿಗೆ ಜಾನ್ ರೋಬಿ. ಕೇಳದೆ ರಾಗ ತೆಗೆದುಕೊಂಡಿದ್ದಕ್ಕೆ ಆಮೇಲೆ ಕ್ರಾಫ್ಟ್‌ವರ್ಕ್‌ಗೆ ದುಡ್ಡು ಕಟ್ಟಬೇಕಾಯಿತು. ಅದೇನೇ ಇರಲಿ, ಡಿಸ್ಕೋದ ಕಾಲ ಮುಗಿದು ಮೆಷಿನ್ನಿನ ಕಾಲ ಶುರುವಾಗಿದ್ದರಲ್ಲಿ ಆ ಹಾಡಿನ ಪಾಲು ದೊಡ್ಡದು. ಎಲೆಕ್ಟ್ರೋ, ಮಯಾಮಿ ಬೇಸ್, ಮುಂದೆ ಟೆಕ್ನೋ, ಇಂಥ ಮೆಷಿನ್ ಸಂಗೀತದವರೆಲ್ಲರೂ ಅದರ ಹೆಸರು ಹೇಳುತ್ತಾರೆ.

ಅದೇ 1982ರಲ್ಲಿ ಬಾಂಬೆಯಲ್ಲಿ ಚರಣ್‌ಜಿತ್ ಸಿಂಗ್ ಅನ್ನುವ ಸ್ಟುಡಿಯೋ ವಾದಕರು ಅದೇ 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದರು. ಕೇಳಿ ನೋಡಿ, ಮೈ ಜುಂ ಅನ್ನುತ್ತದೆ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಹೊರಬಂದ ಮೇಲೆ, ಅದೂ ವಿದೇಶದವರು ಹೊಗಳಿದ ಮೇಲೆ, ನಮಗೆ ಗೊತ್ತಾಯಿತು. ಮೆಷಿನ್ ಒಂದೇ, ವರ್ಷ ಒಂದೇ, ಚರಣ್‌ಜಿತ್ ಅವರ ಕೈ ಬಂಬಾಟಾನ ತಂಡದವರಿಗಿಂತ ಪಳಗಿದ್ದು. ಇಲ್ಲದಿದ್ದದ್ದು ಕುಣಿಯುವ ಒಂದು ಏರಿಯಾ. ಬ್ರಾಂಕ್ಸ್‌ನಲ್ಲಿ ಹಾಡು ಬರುವ ಮೊದಲೇ ಅದಕ್ಕೆ ಕುಣಿಯಲು ಹತ್ತು ವರ್ಷದಿಂದ ಕಾಲು ತಯಾರಾಗಿದ್ದವು.

ಈಗಿನ ಕನ್ನಡ ರ್‍ಯಾಪ್ ಬಗ್ಗೆ ನನ್ನ ಅನಿಸಿಕೆಯೂ ಇದರಿಂದಲೇ ಬಂದದ್ದು. ಎಂಸಿ ಬಿಜ್ಜು, ರಾಹುಲ್ ಡಿಟ್-ಓ, ಅಲ್ ಓಕೆ, ಇವರನ್ನೆಲ್ಲ ರೈಲಿನಲ್ಲಿ ಕೇಳುತ್ತೇನೆ. ಖುಷಿಯಾಗುತ್ತದೆ. ಕನ್ನಡದ ಒತ್ತಕ್ಷರಗಳು ತಾಳಕ್ಕೆ ಎಷ್ಟು ಚೆನ್ನಾಗಿ ಕೂರುತ್ತವೆ ಅಂತ ಇವರಿಂದಲೇ ನನಗೆ ತಿಳಿದದ್ದು. ಆದರೆ ನಮ್ಮಲ್ಲಿ ಇದು ಫೋನಿನಿಂದ ಬಂತು, ಬೀದಿಯಿಂದ ಬರಲಿಲ್ಲ. ಒಬ್ಬ ಹುಡುಗ, ಒಂದು ರೂಮು, ಒಂದು ಲ್ಯಾಪ್‌ಟಾಪು. ಹಿಂದೆ ಕ್ರೇಟ್ ಹೊರುವವನು ಇಲ್ಲ. ತಪ್ಪು ಹುಡುಗರದ್ದಲ್ಲ. ವಾರ್ಡಿಗೊಂದು ಸಮುದಾಯ ಭವನ ಇದೆ, ಮದುವೆಗೆ ಬಿಟ್ಟರೆ ಬೀಗ. ಆ ಬೀಗದ ಕೈಯನ್ನು ತಿಂಗಳಿಗೆ ಒಂದು ಶನಿವಾರ ಏರಿಯಾ ಹುಡುಗರಿಗೆ ಕೊಟ್ಟರೆ ಏನಾಗುತ್ತದೆ? ಗಲಾಟೆ ಆಗುತ್ತದೆ ಅನ್ನುತ್ತಾರೆ. ಆಗಲಿ ಬಿಡಿ, ಈಗ ಆಗುತ್ತಿಲ್ಲವಾ.

ಇನ್ನು ಮೊದಲು ಹೇಳಿದ ಆ 'ಇವನು' ವಿಷಯ. 2012ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಬಂಬಾಟಾನನ್ನು ಮೂರು ವರ್ಷಕ್ಕೆ ಅತಿಥಿ ವಿದ್ವಾಂಸನಾಗಿ ಕರೆಸಿಕೊಂಡಿತ್ತು. 2016ರಲ್ಲಿ ಹಲವು ಗಂಡಸರು ಮುಂದೆ ಬಂದು, ನಾವು ಹುಡುಗರಿದ್ದಾಗ ಇವನು ನಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂದರು. ಅವನು ಇಲ್ಲ ಅಂದ. ಆ ವರ್ಷವೇ ಝೂಲು ನೇಷನ್ನಿನ ನಾಯಕತ್ವದಿಂದ ಹೊರಬಿದ್ದ. ಸಂಘದ ಎಷ್ಟೋ ಜನ ಸಹಿ ಹಾಕಿ ಕ್ಷಮೆ ಕೇಳಿದರು, ನಮ್ಮಲ್ಲಿ ಕೆಲವರಿಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಬಿಡಲಿಲ್ಲ ಅಂತಲೂ ಒಪ್ಪಿಕೊಂಡರು. ಒಬ್ಬರು ಹೂಡಿದ ಸಿವಿಲ್ ಕೇಸಿಗೆ ಅವನು ಹಾಜರಾಗಲೇ ಇಲ್ಲ, 2025ರಲ್ಲಿ ನ್ಯೂಯಾರ್ಕ್ ಕೋರ್ಟು ಹಾಗೆಯೇ ಅವನ ವಿರುದ್ಧ ತೀರ್ಪು ಕೊಟ್ಟಿತು.

ಗ್ಯಾಂಗಿನ ಚೌಕಟ್ಟು ಒಡೆಯಲಿಲ್ಲ, ಅದು ಇಷ್ಟ ಅಂತ ಮೇಲೆ ಬರೆದೆನಲ್ಲ. ಹುಡುಗರನ್ನು ಹಿಡಿದಿಟ್ಟಿದ್ದು ಆ ಚೌಕಟ್ಟು, ಬಾಯಿ ಮುಚ್ಚಿಸಿದ್ದೂ ಅದೇ. ದೊಡ್ಡವನ ಮೇಲೆ ಯಾರು ಬಾಯಿ ಬಿಡುತ್ತಾರೆ? ಕ್ರೇಟ್ ಹೊರಲು ಕರೆದವನೇ ಹೀಗೆ ಅಂತ ಹನ್ನೆರಡರ ಹುಡುಗ ಯಾರಿಗೆ ಹೇಳಬೇಕು? ಇದರಲ್ಲಿ ನಮಗೂ ಅವರಿಗೂ ಏನೇನೂ ವ್ಯತ್ಯಾಸ ಇಲ್ಲ. ನಮ್ಮಲ್ಲಿ ಅಣ್ಣ, ಬಾಸ್, ಗುರುಗಳು, ಸ್ವಾಮಿಗಳು. ಮಠವೋ ಹಾಸ್ಟೆಲ್ಲೋ ಗರಡಿಯೋ ಪಾಠಶಾಲೆಯೋ, ದೂರು ಬಂದಾಗ ಮೊದಲು ಬರುವ ಮಾತು "ಅಂಥವರ ಬಗ್ಗೆ ಹೀಗಾ ಮಾತಾಡೋದು" ಅಂತ ತಾನೇ? ಡಿಜೆ, ಮೈಕ್ ಹಿಡಿಯುವ ಎಂಸಿ, ಕುಣಿತ, ಗೋಡೆ ಚಿತ್ರ ಅಂತ ಹಿಪ್‌ಹಾಪಿಗೆ ನಾಲ್ಕು ಅಂಗ, ಐದನೆಯದನ್ನು ಬಂಬಾಟಾನೇ ಸೇರಿಸಿದ್ದು, ಅರಿವು ಅಂತ. 'ಅರಿವೇ ಗುರು' ಅಂತ ಗೋಡೆಯ ಮೇಲೆ ಬರೆಸಿ ಕೆಳಗೆ ಮನುಷ್ಯರ ಕಾಲಿಗೆ ಬೀಳುವ ಊರಿನಿಂದ ಬಂದ ನಾನು ಇದಕ್ಕೆ ನಗಲೋ ಅಳಲೋ.

ಪಾರ್ಕಿನಲ್ಲಿ ಆ ದಿನ ನಾನು ಹಿರಿಯರನ್ನು ಬಂಬಾಟಾನ ಬಗ್ಗೆ ಕೇಳಿದ್ದೆ. ಅವರು ಹುಡುಗನಾಗಿದ್ದಾಗ ಆ ಕಮ್ಯುನಿಟಿ ಸೆಂಟರಿನಲ್ಲಿ ಕುಣಿದವರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಹಾಡು ಬಂದರೆ ಈಗಲೂ ಕಾಲು ಕುಣಿಯುತ್ತದೆ, ಆದರೆ ಮೊಮ್ಮಗನಿಗೆ ಅವನ ಹೆಸರು ಹೇಳಿಲ್ಲ ಅಂದರು. ರೆಕಾರ್ಡು ಕೊಡುತ್ತಿದ್ದ ಆ ಹುಡುಗನೇ ಮೊಮ್ಮಗ ಅಂತ ನನಗೆ ಆಗ ಗೊತ್ತಾಯಿತು. ಡಿಜೆಯಿಂದ ಅವರು ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಅಷ್ಟು ಹೊತ್ತೂ ಎದ್ದು ಹೋಗಲಿಲ್ಲ.

ರಾತ್ರಿ ಮನೆಗೆ ಬಂದು ಗೆಳೆಯನಿಗೆ ಪಾರ್ಕಿನ ವಿಡಿಯೋ ಕಳಿಸಿದೆ. ಅಲ್ಲಿ ಬೆಳಗ್ಗೆ, ಆಫೀಸಿಗೆ ಹೊರಟಿದ್ದ. ತಕ್ಷಣ ಫೋನ್ ಮಾಡಿದ.

"ಲೋ, ಆ ಹುಡ್ಗ ಸೂಪರ್ ಕಣೋ. ಕರೆಂಟ್ ಎಲ್ಲಿಂದ ತಗೊಂಡಿದಾರೆ?"

"ಈಗೆಲ್ಲ ಪರ್ಮಿಷನ್ ತಗೊಂಡು ಜನರೇಟರ್ ಇಡ್ತಾರೆ."

"ಥೂ," ಅಂದ. "ಮಜಾನೇ ಇಲ್ಲ."

ಆಮೇಲೆ ಹಿಂದೆ ಏನೋ ಸದ್ದಾಯಿತು, ಸ್ಟವ್ ಹತ್ತಿಸಿದ ಹಾಗೆ. ಏನು ಮಾಡುತ್ತಿದ್ದೀಯ ಅಂದೆ. ಏನಿಲ್ಲ, ಮೊಳೆಯಿಂದ ಇಳಿಸಿದೆ, ಚರ್ಮ ಸಡಿಲ ಆಗಿದೆಯಾ ಅಂತ ಸುಮ್ನೆ ನೋಡ್ತಿದೀನಿ ಅಂದ.